ಗಡಿ ಸೀಳಿದ ಗುಡಿಗಳ ಸಾಲು

ಶಿರೂರ ಅನಂತಪಾಳ ಎಂದರೆ ಶಾಸನಗಳನ್ನು ಓದಿದವರಿಗೆ ಚಾಲುಕ್ಯ ಅರಸ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಅನಂತಪಾಳ ನೆನಪಾಗುತ್ತಾನೆ. ಇಂದು ಅದು ಮಹಾರಾಷ್ಟ್ರದ ಲಾತೂರ ಜಿಲ್ಲೆಯ ಒಂದು ತಾಲ್ಲೂಕು. ನೆರೆಯ ನಿಲಂಗಾ, ಉದಗೀರ ತಾಲ್ಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೀದರ ಜಿಲ್ಲೆಯಲ್ಲೇ ಇದ್ದವು. ಗಡಿ ಗೆರೆ ಬಿದ್ದ ಮೇಲೆ ಕಚೇರಿ ಬೇರೆಯಾಯಿತು, ಶಾಲೆಯ ಪಾಠ ಬೇರೆಯಾಯಿತು. ಈ ಸೀಮೆಯ ಹಳೆಯ ಗುಡಿಗಳ ಕಥೆಯೂ ಎರಡು ತುಂಡಾಯಿತು. ಆ ತುಂಡುಗಳನ್ನು ಜೋಡಿಸಿ ನೋಡದೆ ಇಲ್ಲಿನ ಶಿಲ್ಪಿಗಳ ಕೆಲಸ ಅರ್ಥವಾಗುವುದಿಲ್ಲ.

ಕಲ್ಯಾಣ, ಅಂದರೆ ಇಂದಿನ ಬಸವಕಲ್ಯಾಣ, ಚಾಲುಕ್ಯರ ರಾಜಧಾನಿಯಾಗಿತ್ತು. ವಿಕ್ರಮಾದಿತ್ಯ 1076ರಿಂದ 1126ರವರೆಗೆ ಆಳಿದ. ಪಟ್ಟಕ್ಕೆ ಬಂದಾಗ ತನ್ನದೇ ಶಕೆಯನ್ನೂ ಆರಂಭಿಸಿದ. ಆ ಕಾಲದ ರಾಜಧಾನಿಯ ಸುತ್ತಲಿನ ಸೀಮೆ ಇದು. ಕಲ್ಯಾಣದ ಪಕ್ಕದ ನಾರಾಯಣಪುರ, ಹುಮನಾಬಾದ ತಾಲ್ಲೂಕಿನ ಜಲಸಂಗ್ವಿ, ಗಡಿಯಾಚೆಯ ಉಮರ್ಗಾದ ಮಹಾದೇವ ಗುಡಿ, ನಿಲಂಗಾದ ನೀಲಕಂಠೇಶ್ವರ, ಇವೆಲ್ಲ ಒಂದೇ ವಾಸ್ತು ಪರಂಪರೆಯ ಕೂಸುಗಳು. ಗಡಿಯಾಚೆ ಕರಿಕಲ್ಲಿನ ಹಳೆಯ ಗುಡಿ ಕಂಡರೆ ಸಾಕು, ‘ಹೇಮಾಡಪಂತಿ’ ಎನ್ನುವುದು ರೂಢಿ. ದೇವಗಿರಿಯ ಯಾದವರ ಮಂತ್ರಿ ಹೇಮಾದ್ರಿ ಬಂದದ್ದು 13ನೆಯ ಶತಮಾನದ ಉತ್ತರಾರ್ಧದಲ್ಲಿ. ಅವನ ಹೆಸರಿನ ಅಡಿಯಲ್ಲಿ ಅವನಿಗಿಂತ ನೂರು, ನೂರೈವತ್ತು ವರ್ಷ ಹಿಂದಿನ ಚಾಲುಕ್ಯರ ದುಡಿಮೆ ಮರೆಯಾಗಿರುವುದು ನನಗೆ ನೋವಿನ ಸಂಗತಿ.

ಈ ಗುಡಿಗಳಲ್ಲಿ ಮೊದಲು ನೋಡಬೇಕಾದದ್ದು ಗೋಡೆಯ ನಡಿಗೆ. ಗೋಡೆ ನೇರವಾಗಿ ಸಾಗದೆ ಹೆಜ್ಜೆಹೆಜ್ಜೆಗೂ ಮುಂದೆ ಬರುತ್ತದೆ, ಹಿಂದೆ ಸರಿಯುತ್ತದೆ. ನಕ್ಷತ್ರಾಕಾರದ ತಳವಿನ್ಯಾಸದ ಗುಟ್ಟು ಸರಳ: ಒಂದು ಚೌಕವನ್ನು ಅದರ ನಡುಬಿಂದುವಿನ ಮೇಲೆ ಸ್ವಲ್ಪಸ್ವಲ್ಪವೇ ತಿರುಗಿಸುತ್ತ ಹೋದರೆ ಅದರ ಮೂಲೆಗಳೇ ನಕ್ಷತ್ರದ ಮೊನೆಗಳಾಗುತ್ತವೆ. ಅಳತೆಗೆ ಗೂಟ, ಹಗ್ಗ ಇದ್ದರೆ ಆಯಿತು. ಆದರೆ ಆ ಲೆಕ್ಕ ಜಗತಿಯಿಂದ ಮೇಲಿನ ಕೊನೆಯ ಕಲ್ಲಿನವರೆಗೂ ತಪ್ಪಬಾರದು. ಗಾರೆಯಿಲ್ಲದೆ, ಭಾರದಿಂದಲೂ ಕಚ್ಚುಗಳಿಂದಲೂ ಕಲ್ಲು ಕಲ್ಲನ್ನು ಹಿಡಿದು ನಿಂತಿರುವಲ್ಲಿ ಒಂದು ಪದರ ಓರೆಯಾದರೂ ಮೇಲಿನದೆಲ್ಲ ಕೆಡುತ್ತದೆ. ನಿಲಂಗಾದ್ದು ತ್ರಿಕೂಟ: ಮೂರು ಗರ್ಭಗುಡಿಗಳಿಗೆ ನಡುವಿನ ಮಂಟಪ ಒಂದೇ. ಮಂಟಪದಲ್ಲಿ ನಿಂತರೆ ಮೂರು ಬಾಗಿಲುಗಳೂ ಕಣ್ಣಿಗೆ ಬೀಳುತ್ತವೆ.

ಇನ್ನು ಜಲಸಂಗ್ವಿ. ಇಲ್ಲಿನ ಕಲ್ಮೇಶ್ವರ ಗುಡಿಯ ಹೊರಗೋಡೆಯ ಮದನಿಕೆಯರ ಎದುರು ಎಷ್ಟು ಹೊತ್ತು ನಿಂತರೂ ಸಾಲದು. ಅವರಲ್ಲೊಬ್ಬಳು ಬರೆಯುತ್ತಿದ್ದಾಳೆ. ದೇಹ ಬಳುಕಿದೆ, ಲೇಖನಿ ಹಿಡಿದ ಕೈ ಮೇಲೆತ್ತಿದೆ, ಎದುರಿನ ಫಲಕದಲ್ಲಿ ಓದಲು ಬರುವ ಸಂಸ್ಕೃತ ಸಾಲುಗಳಿವೆ. ಏಳು ದ್ವೀಪಗಳ ಈ ಭೂಮಿಯನ್ನೆಲ್ಲ ಚಾಲುಕ್ಯ ವಿಕ್ರಮಾದಿತ್ಯ ತನ್ನದಾಗಿಸಿಕೊಳ್ಳುವನು ಎಂಬುದು ಅವುಗಳ ತಾತ್ಪರ್ಯ. ರಾಜಪ್ರಶಸ್ತಿಯನ್ನು ಬೇರೆ ಕಲ್ಲಿನಲ್ಲಿ ಕೆತ್ತಿ ಅಂಗಳದಲ್ಲಿ ನೆಡುವುದು ವಾಡಿಕೆ. ಈ ಶಿಲ್ಪಿ ಅದನ್ನು ಒಬ್ಬ ಹೆಣ್ಣಿನ ಕೈಯಿಂದ ಬರೆಸಿದ. ಗುಡಿಯ ಕಾಲವನ್ನು ಹೇಳುವ ಸಾಕ್ಷ್ಯವೇ ಅದರ ಅತ್ಯಂತ ಚೆಲುವಾದ ಶಿಲ್ಪವೂ ಆಗಿರುವುದು ಅಪರೂಪ.

ಮದನಿಕೆ ಎಂದರೆ ನಮಗೆ ತಟ್ಟನೆ ಬೇಲೂರು ನೆನಪಾಗುತ್ತದೆ. ಬೇಲೂರು ಗುಡಿ ಕಟ್ಟಿಸಿದ ವಿಷ್ಣುವರ್ಧನ ಇದೇ ವಿಕ್ರಮಾದಿತ್ಯನ ಸಾಮಂತ. ಗುಡಿಯ ಪ್ರತಿಷ್ಠೆ 1117ರಲ್ಲಿ. ಅಲ್ಲಿ ಕೆಲಸ ಮಾಡಿದ ದಾಸೋಜ, ಅವನ ಮಗ ಚಾವಣ ಚಾಲುಕ್ಯ ಸೀಮೆಯ ಬಳ್ಳಿಗಾವೆಯವರು. ಬೇಲೂರಿನ ಮದನಿಕೆಯರು ಸೂರಿನ ಕೆಳಗೆ ಓರೆಯಾಗಿ ನಿಂತವರು, ಬಿಡಿಬಿಡಿಯಾಗಿ ಕೆತ್ತಿ ಕೂರಿಸಿದವರು; ತಲೆಯೆತ್ತಿ ನೋಡಬೇಕು. ಜಲಸಂಗ್ವಿಯವರು ಗೋಡೆಗೇ ಸೇರಿದವರು. ಬೇಲೂರಿನ ಬಳಪದ ಕಲ್ಲು ಮೊದಲು ಮೆದು, ಗಾಳಿಗೆ ತೆರೆದಿಟ್ಟಂತೆ ಗಟ್ಟಿಯಾಗುವಂಥದ್ದು; ಉಳಿ ಹೇಳಿದಂತೆ ಕೇಳುತ್ತದೆ. ಮರಾಠವಾಡಾ ಕಡೆಯ ಬಸಾಲ್ಟ್ ಹಾಗಲ್ಲ, ಪ್ರತಿ ಏಟಿಗೂ ಎದುರು ನಿಲ್ಲುತ್ತದೆ. ಆಭರಣದ ಸೂಕ್ಷ್ಮ ಇಲ್ಲಿ ಕಡಿಮೆ ಎಂದು ಮೂಗು ಮುರಿಯುವವರು ಕಲ್ಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮೈಯ ತಿರುವಿನಲ್ಲಿ, ನಿಲುವಿನ ಸಲೀಸಿನಲ್ಲಿ ಈ ಉತ್ತರದ ಹೆಣ್ಣುಗಳು ಯಾರಿಗೂ ಕಡಿಮೆಯಲ್ಲ.

ನೋಡಹೋಗುವವರು ಹುಮನಾಬಾದಿನಿಂದ ಜಲಸಂಗ್ವಿಗೆ, ಅಲ್ಲಿಂದ ಬಸವಕಲ್ಯಾಣ, ನಾರಾಯಣಪುರ ಮುಗಿಸಿ ಉಮರ್ಗಾ, ನಿಲಂಗಾಗಳಿಗೆ ಸಾಗಬಹುದು. ಗೋಡೆಯ ಮಡಿಕೆಗಳಲ್ಲಿ ನೆರಳು ಬೀಳುವ ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲೇ ಇವುಗಳನ್ನು ನೋಡಲು ತಕ್ಕದ್ದು. ಗಡಿಯ ಎರಡೂ ಬದಿಯಲ್ಲಿ ಕನ್ನಡ, ಮರಾಠಿ ಎರಡರಲ್ಲೂ ಬರೆದ ಫಲಕ ನಿಲ್ಲಿಸಿ, ಒಂದು ಗುಡಿಯಿಂದ ಇನ್ನೊಂದಕ್ಕೆ ದಾರಿ ತೋರಿಸುವ ಕೆಲಸವನ್ನು ಎರಡು ಸರಕಾರಗಳೂ ಕೂಡಿ ಮಾಡಬೇಕು.