ನಾಲ್ಕು, ಒಂಬತ್ತು, ನಾಲ್ಕು

ಬಿಸ್ಕತ್ ಪೊಟ್ಟಣದ ಹಿಂದೆ ಅಚ್ಚಾಗುವ ಕ್ಯಾಲೊರಿ ಲೆಕ್ಕ ಹುಟ್ಟಿದ್ದು ಒಂದು ನೆಲಮಾಳಿಗೆಯಲ್ಲಿ. ಅಮೆರಿಕದ ಕನೆಕ್ಟಿಕಟ್ ರಾಜ್ಯದ ಮಿಡ್ಲ್‌ಟೌನ್ ಊರಿನ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರಜ್ಞ ವಿಲ್ಬರ್ ಆಟ್‌ವಾಟರ್, ಭೌತವಿಜ್ಞಾನಿ ಎಡ್ವರ್ಡ್ ರೋಸಾ ಇಬ್ಬರೂ ಸೇರಿ 1890ರ ದಶಕದಲ್ಲಿ ಒಂದು ದೊಡ್ಡ ಪೆಟ್ಟಿಗೆ ಕಟ್ಟಿದರು. ಮನುಷ್ಯ ಒಳಹೊಕ್ಕು ದಿನಗಟ್ಟಲೆ ಇರಬೇಕಾದ ಪೆಟ್ಟಿಗೆ ಅದು.

ಒಳಗೆ ಮಂಚ, ಕುರ್ಚಿ, ಮೇಜು. ಊಟವನ್ನು ತೂಗಿ ಕಿಂಡಿಯಿಂದ ಒಳಗೆ ಕೊಡುತ್ತಿದ್ದರು. ಮಲಮೂತ್ರ ಹೊರಗೆ ಬಂದರೆ ಅದಕ್ಕೂ ತಕ್ಕಡಿ. ಉಸಿರಿನ ಇಂಗಾಲದ ಡೈಆಕ್ಸೈಡ್‌ಗೂ ಲೆಕ್ಕ. ಮೈಯ ಶಾಖವನ್ನು ಕೊಳವೆಗಳಲ್ಲಿ ಹರಿಯುವ ತಣ್ಣೀರು ಹೀರಿಕೊಳ್ಳುತ್ತಿತ್ತು. ಆ ನೀರು ಎಷ್ಟು ಬಿಸಿಯಾಯಿತು ಎಂಬುದರಿಂದ ಒಳಗಿದ್ದವನು ಎಷ್ಟು ಶಕ್ತಿ ಖರ್ಚು ಮಾಡಿದ ಎಂದು ತಿಳಿಯುತ್ತಿತ್ತು. ಕೆಲವರು ಸುಮ್ಮನೆ ಕೂತರು, ಕೆಲವರು ನಿಂತಲ್ಲೇ ನಿಂತ ಸೈಕಲ್ ತುಳಿದರು.

ಒಳಗೆ ಹೋದಷ್ಟೇ ಶಕ್ತಿ ಹೊರಬರುತ್ತದೆ ಎಂದು ನಾಯಿಗಳ ಮೇಲೆ ಜರ್ಮನಿಯ ಮ್ಯಾಕ್ಸ್ ರೂಬ್ನರ್ ಆಗಲೇ ತೋರಿಸಿದ್ದ. ಈ ಪೆಟ್ಟಿಗೆಯಲ್ಲಿ ಮನುಷ್ಯನಲ್ಲೂ ಅವೆರಡು ಹೆಚ್ಚುಕಡಿಮೆ ಸರಿಹೊಂದಿದವು. ದೇಹಕ್ಕೂ ಒಲೆಗೂ ಲೆಕ್ಕ ಒಂದೇ ಎಂದಾಯಿತು. ಆದರೆ ತಿಂದದ್ದೆಲ್ಲ ಉರಿಯುವುದಿಲ್ಲ. ಪ್ರೋಟೀನಿನ ಒಂದು ಪಾಲು ಯೂರಿಯಾ ಆಗಿ ಮೂತ್ರ ಸೇರುತ್ತದೆ, ಒಂದಿಷ್ಟು ಜೀರ್ಣವಾಗದೆ ಹೋಗುತ್ತದೆ. ಅವನ್ನು ಕಳೆದು ಆಟ್‌ವಾಟರ್ ಗ್ರಾಮಿಗೆ ಪ್ರೋಟೀನಿಗೆ 4, ಕೊಬ್ಬಿಗೆ 9, ಶರ್ಕರಪಿಷ್ಟಕ್ಕೆ 4 ಕಿಲೋಕ್ಯಾಲೊರಿ ಎಂದು ಸರಾಸರಿ ಕಟ್ಟಿದ. ಮದ್ಯವೂ ದೇಹಕ್ಕೆ ಶಕ್ತಿ ಕೊಡುತ್ತದೆ ಎಂದು ಅದೇ ಪೆಟ್ಟಿಗೆ ಹೇಳಿದ್ದಕ್ಕೆ ಪಾನವಿರೋಧಿಗಳು ಅವನ ಮೇಲೆ ಕೆಂಡ ಕಾರಿದರು. ವಿಜ್ಞಾನಿಗೆ ಇದು ತಪ್ಪಿದ್ದಲ್ಲ.

ತಮಾಷೆಯೆಂದರೆ, ತೂಕ ಇಳಿಸುವ ಯೋಚನೆ ಅವನ ಮುಂದೆ ಇರಲೇ ಇಲ್ಲ. ಕೂಲಿಕಾರ ತನ್ನ ದುಡಿಮೆಯ ಕಾಸಿಗೆ ಹೆಚ್ಚು ಪೋಷಣೆ ಕೊಳ್ಳುವುದು ಹೇಗೆ ಎಂಬುದೇ ಅವನ ಚಿಂತೆ. ಹಣ್ಣು-ತರಕಾರಿ ಕೊಳ್ಳುವುದು ಅವನ ಲೆಕ್ಕದಲ್ಲಿ ದುಬಾರಿ ಬಾಬತ್ತು! ವಿಟಮಿನ್ ಎಂಬುದೇ ಆಗ ತಿಳಿದಿರಲಿಲ್ಲವಲ್ಲ. ಅವನು 1907ರಲ್ಲಿ ತೀರಿಕೊಂಡ. 1918ರಲ್ಲಿ ಕ್ಯಾಲಿಫೋರ್ನಿಯಾದ ವೈದ್ಯೆ ಲುಲು ಹಂಟ್ ಪೀಟರ್ಸ್ ಬರೆದ ಜನಪ್ರಿಯ ಪುಸ್ತಕ ಕ್ಯಾಲೊರಿ ಎಣಿಕೆಯನ್ನು ತೂಕ ಇಳಿಸುವವರ ಕೈಗೆ ಕೊಟ್ಟಿತು. ಉಣ್ಣಿಸಲು ಹುಟ್ಟಿದ ಲೆಕ್ಕ ಉಪವಾಸದ ಕಡೆ ತಿರುಗಿತು.

ಆಮೇಲೆ ಶುರುವಾದದ್ದು ಪ್ರಮಾಣದ ಜಗಳ: ಅನ್ನ ಬಿಡಬೇಕೋ, ಎಣ್ಣೆ ಬಿಡಬೇಕೋ? 2009ರಲ್ಲಿ ಸಂಶೋಧಕ ಫ್ರಾಂಕ್ ಸ್ಯಾಕ್ಸ್ ತಂಡ 811 ಜನರನ್ನು ನಾಲ್ಕು ಗುಂಪು ಮಾಡಿ, ಕೊಬ್ಬು, ಪ್ರೋಟೀನ್, ಶರ್ಕರಪಿಷ್ಟಗಳ ಪಾಲು ಬದಲಿಸಿ ನೋಡಿತು. ಎರಡು ವರ್ಷದ ಕೊನೆಗೆ ನಾಲ್ಕೂ ಗುಂಪುಗಳಲ್ಲಿ ಇಳಿದ ತೂಕ ಹೆಚ್ಚುಕಡಿಮೆ ಒಂದೇ. ಆದರೂ ಪ್ರೋಟೀನಿಗೆ ಒಂದು ಅನುಕೂಲವಿದೆ. ಹೊಟ್ಟೆ ಹೆಚ್ಚು ಹೊತ್ತು ತುಂಬಿದಂತಿರುತ್ತದೆ, ಜೀರ್ಣಿಸುವುದಕ್ಕೇ ದೇಹ ಅದರ ಶಕ್ತಿಯ ನಾಲ್ಕನೇ ಒಂದರಷ್ಟನ್ನು ಖರ್ಚು ಮಾಡುತ್ತದೆ.

ಆಟ್‌ವಾಟರನ ಅಂಕಿಗಳೂ ಎಲ್ಲ ಕಡೆ ನಿಲ್ಲುವುದಿಲ್ಲ. ಇಡೀ ಬಾದಾಮಿಯಿಂದ ದೇಹಕ್ಕೆ ದಕ್ಕುವುದು ಅವನ ಲೆಕ್ಕಕ್ಕಿಂತ ಸುಮಾರು ನಾಲ್ಕನೇ ಒಂದರಷ್ಟು ಕಡಿಮೆ ಎಂದು 2012ರ ಒಂದು ಪ್ರಯೋಗ ಕಂಡುಕೊಂಡಿತು. ಹಾಗಿದ್ದರೂ ಪೊಟ್ಟಣಗಳ ಮೇಲೆ ಇವತ್ತಿಗೂ ನಡೆಯುತ್ತಿರುವುದು 4-9-4ರ ಲೆಕ್ಕವೇ.