ಗಣಿ ಧೂಳಿನ ಕಾಲದ ‘ಟೋಪಿವಾಲೇ’

2011ರ ಜುಲೈ ಕೊನೆಯ ವಾರವನ್ನು ಬಳ್ಳಾರಿ, ಕೊಳಗಲ್ಲು ಕಡೆಯವರು ಮರೆತಿರಲಾರರು. ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ 27ರಂದು ಸರ್ಕಾರದ ಕೈಸೇರಿತು. ಎರಡೇ ದಿನದಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಳನ್ನು ನಿಲ್ಲಿಸಿತು. ತಿಂಗಳು ಮುಗಿಯುವಷ್ಟರಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಟ್ಟರು.

ಆ ಕಾವು ಆರುವ ಮೊದಲೇ, 2012ರ ಆರಂಭದಲ್ಲಿ, ಬೆಂಗಳೂರಿನ ರಾಕ್ ತಂಡ ‘ಸ್ವರಾತ್ಮ’ದ ಎರಡನೇ ಆಲ್ಬಂ ಹೊರಬಂತು. ಹೆಸರು ‘ಟೋಪಿವಾಲೇ’. ಜನರಿಗೆ ಟೋಪಿ ಹಾಕುವ ರಾಜಕಾರಣಿಗಳೇ ಶೀರ್ಷಿಕೆ ಗೀತೆಯ ವಸ್ತು. ಹಿಂದಿ ಹಾಡಾದರೂ, ಅದಿರು ಲಾರಿಗಳ ಕೆಂಧೂಳು ನುಂಗಿದವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಿರಲಿಲ್ಲ.

ತಂಡದ ಮುಖ್ಯ ಗಾಯಕ ವಾಸು ದೀಕ್ಷಿತ್, ಗಾಯಕ ರಘು ದೀಕ್ಷಿತ್ ಅವರ ತಮ್ಮ. ವೇದಿಕೆಯಲ್ಲಿ ಸೊಂಟಕ್ಕೆ ಕೀಲುಕುದುರೆ ಕಟ್ಟಿಕೊಂಡು ಅವರು ಕುಣಿಯುತ್ತಿದ್ದರೆ ಹಿಂದೆ ಸಂಜೀವ್ ನಾಯಕ್ ಅವರ ಪಿಟೀಲು, ಪವನ್ ಕುಮಾರ್ ಅವರ ತಾಳವಾದ್ಯ, ಮಾಂಟ್ರಿ ಮ್ಯಾನುಯಲ್ ಅವರ ಡ್ರಮ್ಸ್. ಜಾತ್ರೆಯ ಕುಣಿತಕ್ಕೂ ಎಲೆಕ್ಟ್ರಿಕ್ ಗಿಟಾರಿಗೂ ಅಲ್ಲಿ ಜಗಳವಿಲ್ಲ.

2009ರ ಮೊದಲ ಆಲ್ಬಂನಲ್ಲೇ ಅವರು ಕಾವೇರಿಯ ದಾಹವನ್ನು ಹಾಡಾಗಿಸಿದ್ದರು. ಅದೇ ವರ್ಷ ಬ್ರಿಟಿಷ್ ಕೌನ್ಸಿಲ್‌ನ ‘ಸೌಂಡ್‌ಪ್ಯಾಡ್’ ಯೋಜನೆಯಲ್ಲಿ ನಿರ್ಮಾಪಕ ಜಾನ್ ಲೆಕಿ ಜೊತೆ ಕೆಲಸ ಮಾಡುವ ಅವಕಾಶ ಸಿಕ್ಕಿತು. ರೇಡಿಯೊಹೆಡ್ ತಂಡದ ಎರಡನೇ ಆಲ್ಬಂ ‘ದ ಬೆಂಡ್ಸ್’ ರೂಪುಗೊಂಡಿದ್ದು ಇದೇ ಲೆಕಿ ಕೈಯಲ್ಲಿ. ಯಾವ ತಂಡಕ್ಕಾದರೂ ಮೊದಲ ಆಲ್ಬಂಗೆ ವರ್ಷಗಟ್ಟಲೆ ಕೂಡಿಟ್ಟ ಹಾಡುಗಳಿರುತ್ತವೆ. ಎರಡನೆಯದಕ್ಕೆ ಹೊಸದಾಗಿಯೇ ಹುಡುಕಬೇಕು. ಅನೇಕ ತಂಡಗಳು ಮುಗ್ಗರಿಸುವುದು ಇಲ್ಲೇ. ಸ್ವರಾತ್ಮ ಮುಗ್ಗರಿಸಲಿಲ್ಲ. ಶಂಕರ್-ಎಹಸಾನ್-ಲಾಯ್ ತ್ರಿವಳಿಯ ಲಾಯ್ ಮೆಂಡೋನ್ಸಾ ‘ಟೋಪಿವಾಲೇ’ಯ ನಿರ್ಮಾಣ ವಹಿಸಿಕೊಂಡರು, ಹಿಂದೂಸ್ತಾನಿ ಗಾಯಕಿ ಶುಭಾ ಮುದ್ಗಲ್ ದನಿಗೂಡಿಸಿದರು.

ಎಲ್ಲರ ಬಾಯಿಗೆ ಬಂದದ್ದು ಶೀರ್ಷಿಕೆ ಗೀತೆ. ಆದರೆ ಆಲ್ಬಂನ ಜೀವ ಇರುವುದು ‘ಘುಮ್’ನಲ್ಲಿ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಬಗ್ಗೆ ಅದು ಬಾಯಿಬಿಟ್ಟು ಹಾಡುತ್ತದೆ. ಮನೆಯೊಳಗೂ ಯಾರೂ ಎತ್ತದ ಮಾತನ್ನು ರಾಕ್ ಕಛೇರಿಗೆ, ಕುಣಿಯಲೆಂದೇ ಬಂದ ಹುಡುಗರ ಮುಂದೆ ತರಲು ಎದೆಗಾರಿಕೆ ಬೇಕು. ಆಮಿರ್ ಖಾನ್ ಅವರ ‘ಸತ್ಯಮೇವ ಜಯತೆ’ ಕಾರ್ಯಕ್ರಮ ಇದೇ ವಿಷಯವನ್ನು ಟಿ.ವಿ.ಗೆ ತಂದದ್ದು 2012ರ ಮೇ ತಿಂಗಳಲ್ಲಿ. ಇಂಥ ದೌರ್ಜನ್ಯದಿಂದ ಮಕ್ಕಳನ್ನು ರಕ್ಷಿಸುವ ಪೋಕ್ಸೊ ಕಾಯ್ದೆ ಜಾರಿಗೆ ಬಂದದ್ದು ಅದೇ ವರ್ಷದ ನವೆಂಬರ್ 14ರಂದು. ಹಾಡು ಎರಡಕ್ಕೂ ಮೊದಲೇ ಬಂದಿತ್ತು.

ಸಿನಿಮಾ ಹಾಡೇ ಸಂಗೀತ ಎನ್ನುವ ಮಾರುಕಟ್ಟೆಯಲ್ಲಿ ಇಂಥ ತಂಡಗಳನ್ನು ಉಳಿಸುವುದು ಕಛೇರಿಗಳು. ಆಲ್ಬಂಗಳು ಬರುವುದು ನಿಧಾನ: ಸ್ವರಾತ್ಮದ ಮೂರನೇ ಆಲ್ಬಂ ‘ರಾಹ್-ಎ-ಫಕೀರಾ’ಕ್ಕೆ ಕೇಳುಗರು 2018ರವರೆಗೆ ಕಾಯಬೇಕಾಯಿತು.