ತಪಾಸಣೆ ಯಂತ್ರದ್ದೋ, ದಫ್ತರದ್ದೋ?

ವರದೆಯ ದಂಡೆಯ ಹೊಸರಿತ್ತಿಯಿಂದ ಹೊರಟ ಗೃಹಸ್ಥರು ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ವಿಮಾನವನ್ನೇರಿ ಅದೇ ದಿನ ದಿಲ್ಲಿಯನ್ನು ಸೇರುವುದು ಈಗ ಸೋಜಿಗದ ಮಾತಲ್ಲ. ಬಂಡಿಯ ಕಡಾಣಿಯನ್ನು ಹೊರಡುವ ಮುನ್ನ ತಾವೇ ಮುಟ್ಟಿ ನೋಡುತ್ತಿದ್ದ ಜನರು ನಾವು. ಜೆಟ್ ಯಂತ್ರದ ವಿಷಯದಲ್ಲಾದರೋ, ಬೇರೊಬ್ಬರು ನೋಡಿದ್ದಾರೆಂಬ ಬರಹವೊಂದೇ ನಮಗೆ ಆಧಾರ. ಆ ಬರಹವು ಎಷ್ಟರಮಟ್ಟಿಗೆ ನಂಬತಕ್ಕದ್ದೆಂಬುದನ್ನು ವಾಚಕರು ವಿಚಾರಿಸಬೇಕಾಗಿದೆ.

ಈ ಯಂತ್ರದೊಳಗೆ ಉರಿಯುವ ಅನಿಲದ ಉಷ್ಣವು ಅಲಗುಗಳ ಲೋಹವು ಕರಗುವ ಮಟ್ಟವನ್ನೂ ಮೀರುವುದುಂಟು. ಅಲಗುಗಳೊಳಗೆ ಕೊರೆದ ಸೂಕ್ಷ್ಮ ದಾರಿಗಳಲ್ಲಿ ಹರಿಯುವ ಗಾಳಿಯೇ ಅವುಗಳನ್ನು ಕಾಯುತ್ತದೆ. ಬೋರ್‌ಸ್ಕೋಪ್ ಎಂಬ ಸಪೂರ ದರ್ಶಕನಳಿಗೆಯನ್ನು ಒಳತೂರಿಸಿ ಅವುಗಳ ಬಿರುಕು ಸುಟ್ಟಗಾಯಗಳನ್ನು ಪರೀಕ್ಷಿಸುತ್ತಾರೆ. ಅಲಗೊಂದು ಮುರಿದರೆ ಹೊರಕವಚವು ತಡೆಯಬಲ್ಲದು. ಅಲಗುಗಳನ್ನು ಹೊತ್ತ ತಿರುಗುತಟ್ಟೆಯೇ ಸಿಡಿದರೆ ತಡೆಯಲಾರದು. ಆದುದರಿಂದಲೇ ಆ ತಟ್ಟೆಗಳಿಗೆ ಇಷ್ಟು ಹಾರಾಟಗಳೆಂದು ಆಯುಷ್ಯವನ್ನು ಕಟ್ಟಲಾಗಿದೆ. ಅದು ಮುಗಿದೊಡನೆ, ಕಣ್ಣಿಗೆ ಒಂದು ಗೀರೂ ಕಾಣದಿದ್ದರೂ, ಅವುಗಳನ್ನು ತೆಗೆದುಹಾಕಲೇಬೇಕು. ಇದು ಕಂಪನಿಯ ಇಚ್ಛೆಗೆ ಬಿಟ್ಟ ವಿಷಯವಲ್ಲ, ಕಾನೂನು.

ಹೀಗಿರಲು 2023ರಲ್ಲಿ ಯುರೋಪಿನ ವಿಮಾನ ಸುರಕ್ಷತಾ ಸಂಸ್ಥೆಯು ಲೀಪ್ ಯಂತ್ರಗಳ ಕೆಲವು ಸೀಲುಗಳನ್ನೂ ತಿರುಗುವ ಭಾಗಗಳನ್ನೂ ಗೊತ್ತಾದ ಮುದ್ದತಿನೊಳಗೆ ಬದಲಿಸಬೇಕೆಂದು ಆಜ್ಞೆ ಹೊರಡಿಸಿತು. ಏರ್ ಇಂಡಿಯಾ ಎಕ್ಸ್‌ಪ್ರೆಸ್ ಕಂಪನಿಯ ಒಂದು ಏರ್‌ಬಸ್ ವಿಮಾನದಲ್ಲಿ ಆ ಮುದ್ದತು ಮೀರಿತು. ಅಷ್ಟೇ ಆಗಿದ್ದರೆ ಆಲಸ್ಯವೆನ್ನಬಹುದಾಗಿತ್ತು. ಕೆಲಸವು ಸಕಾಲಕ್ಕೆ ನಡೆದಂತೆ ತೋರಿಸಲು ದಾಖಲೆಗಳನ್ನೇ ತಿದ್ದಿದಂತೆ ಕಾಣುತ್ತದೆಂದು ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2025ರ ಮಾರ್ಚಿನಲ್ಲಿ ಬರೆಯಿತು! ಕಂಪನಿಯು ತಪ್ಪನ್ನೊಪ್ಪಿ, ಲೆಕ್ಕವಿಡುವ ಗಣಕವ್ಯವಸ್ಥೆಯ ಬದಲಾವಣೆಯಿಂದ ಮುದ್ದತು ತಪ್ಪಿತೆಂದು ಸಮಾಧಾನ ಹೇಳಿತು. ಜುಲೈಯಲ್ಲಿ ಸುದ್ದಿಯು ಬಯಲಾದಾಗ, ತಿದ್ದಿದ ಮಾತಿಗೆ ಮಾತ್ರ ನೇರವಾದ ಉತ್ತರ ಬರಲಿಲ್ಲ. ಕಾಗದದ ಮೇಲೆ ಹೂಳೆತ್ತಿದ ಕೆರೆಗಳನ್ನು ಕಂಡ ನಮ್ಮ ತಾಲೂಕು ಕಚೇರಿಯವರಿಗೆ ಈ ವಿದ್ಯೆ ಹೊಸದಲ್ಲ. ಕಾಗದದ ಕೆರೆಯಲ್ಲಿ ನೀರು ನಿಲ್ಲದಿದ್ದರೆ ಬೆಳೆ ಒಣಗುತ್ತದೆ. ಇಲ್ಲಿಯಾದರೋ ನೂರೆಂಬತ್ತು ಜೀವಗಳ ಮಾತು.

ಕಂಪನಿಯೊಂದನ್ನೇ ದೂಷಿಸಿ ಸುಮ್ಮನಾಗುವಂತಿಲ್ಲ. 2019ರ ನವೆಂಬರದಲ್ಲಿ ಇಂಡಿಗೋ ಕಂಪನಿಯ 97 ವಿಮಾನಗಳ ದೋಷಯುಕ್ತ ಪ್ರಾಟ್ ಅಂಡ್ ವಿಟ್ನಿ ಯಂತ್ರಗಳನ್ನು ಬರುವ ಜನವರಿ 31ರೊಳಗೆ ಬದಲಿಸಬೇಕೆಂದು ಕಟ್ಟಪ್ಪಣೆ ಮಾಡಿದ ಇದೇ ಇಲಾಖೆಯು ಮುದ್ದತನ್ನು ಮೊದಲು ಮೇ ತಿಂಗಳಿಗೂ, ಮತ್ತೆ ಆಗಸ್ಟಿಗೂ ಬೆಳೆಸಿತು. ಬದಲಿ ಯಂತ್ರಗಳು ದೊರೆಯುವುದು ದುರ್ಲಭವಾಗಿತ್ತೆಂಬುದು ನಿಜ. ಆದರೆ ಬಿರುಕಿಗೆ ಆ ಕಾರಣವು ತಿಳಿಯದು. ನೋಡುವ ಕಣ್ಣುಗಳಾದರೂ ಎಷ್ಟು? ಇಲಾಖೆಗೆ ಮಂಜೂರಾದ 1,063 ಹುದ್ದೆಗಳಲ್ಲಿ ತುಂಬಿದ್ದವು 553 ಮಾತ್ರವೆಂದು ಸಂಸತ್ತಿನ ಸ್ಥಾಯೀ ಸಮಿತಿಯೇ 2025ರ ಆಗಸ್ಟಿನಲ್ಲಿ ಹೇಳಿತು.

ಯಾವ ವಿಮಾನದ ಯಂತ್ರಕ್ಕೆ ಯಾವ ಆಜ್ಞೆ ಅನ್ವಯಿಸಿತು, ಮುದ್ದತು ಯಾವುದು, ಕೆಲಸ ಮುಗಿದ ದಿನ ಯಾವುದು, ಇವನ್ನು ಸರಕಾರವು ತಿಂಗಳು ತಿಂಗಳಿಗೆ ಪ್ರಕಟಿಸಲಿ. ವಿಮಾನ ತಡವಾದರೆ ಗದ್ದಲವೆಬ್ಬಿಸುವ ನಮ್ಮ ಪ್ರಯಾಣಿಕರು ಈ ಪಟ್ಟಿಯನ್ನೂ ಅಷ್ಟೇ ಗಟ್ಟಿಯಾಗಿ ಕೇಳಬೇಕು.